ಸಾಕು ಗೋಸುಂಬೆಗೆ ಯುವಿ-ಬಿ ದೀಪ: ಆಯ್ಕೆಗೆ ಮುನ್ನ ಅರಿಯಬೇಕಾದ ಸಂಗತಿಗಳು

ನೌಪಾಡಾ (ಥಾಣೆ): ಗೋಖಲೆ ರಸ್ತೆ, ರಾಮ ಮಾರುತಿ ರಸ್ತೆಗಳ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಹಳೆಯ ಮನೆಗಳೂ ಚಾಳುಗಳೂ ಬಹುಮಟ್ಟಿಗೆ ಬಹುಮಹಡಿ ಕಟ್ಟಡಗಳಿಗೆ ಸ್ಥಳ ಬಿಟ್ಟುಕೊಟ್ಟಿವೆ. ಅಂಗಳ ಹೋಗಿ ಬಾಲ್ಕನಿ ಬಂದಿದೆ. ಬಾಲ್ಕನಿಗೂ ಸರಿಯುವ ಗಾಜಿನ ಕಿಟಕಿ ಬಂದಿದೆ. ಮೀನು, ನಾಯಿ, ಬೆಕ್ಕುಗಳನ್ನು ಸಾಕುತ್ತಿದ್ದ ಮನೆಗಳ ಹೊಸ ಪೀಳಿಗೆ ಇಂದು ಇಗ್ವಾನ, ಗೋಸುಂಬೆಗಳಂಥ ಸರೀಸೃಪಗಳತ್ತಲೂ ಒಲವು ತೋರುತ್ತಿದೆ. ಇಂಥ ಜೀವಿಗೆ ಆಹಾರ, ನೀರು, ಪಂಜರ ಒದಗಿಸಿದರೆ ಸಾಕೆಂಬ ಭಾವನೆ ಸಾಮಾನ್ಯ. ಆದರೆ ಗೋಸುಂಬೆಯ ಅಳಿವು ಉಳಿವನ್ನು ನಿರ್ಧರಿಸುವುದು ಅದರ ನೆತ್ತಿಯ ಮೇಲಿನ ದೀಪ. ತಪ್ಪು ದೀಪವೊಂದು ಅದರ ಮೂಳೆಯನ್ನು ಮೇಣದಂತಾಗಿಸಬಹುದು, ಇಲ್ಲವೇ ಕಣ್ಣನ್ನು ಸುಡಬಹುದು. ಆದ್ದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ಓದುಗರ ಮುಂದಿಡಲು ನಾವು ಬಯಸಿದ್ದೇವೆ.

ಮೊದಲು ಕಾನೂನು

ನಮ್ಮ ನಾಡಿನ ಗೋಸುಂಬೆಯನ್ನು ಮನೆಯಲ್ಲಿ ಸಾಕುವಂತಿಲ್ಲ. ಕರ್ನಾಟಕದ ಬಯಲುಸೀಮೆಯ ಬೇಲಿ, ಜಾಲಿಮರಗಳಲ್ಲಿ ನಮ್ಮ ಹಿರಿಯರು ಕಂಡ ಹಸಿರು ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದೂ ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ಊರಿಗೆ ಹೋದಾಗ ಮಕ್ಕಳ ಆಸೆಗೆಂದು ಹಿಡಿದು ತರುವುದು ಸಲ್ಲದು. ತಲೆ ಕೆಂಪಾಗಿಸಿಕೊಂಡು ಬೇಲಿಯ ಮೇಲೆ ತಲೆಯಾಡಿಸುವ ಓತಿಕೇತವನ್ನೇ ಹಲವರು ಗೋಸುಂಬೆಯೆಂದು ತಿಳಿಯುವುದುಂಟು. ಇಲ್ಲಿನ ಮರಾಠಿ ಆಡುಮಾತಿನ 'ಸರಡಾ' ಕೂಡ ಎರಡಕ್ಕೂ ಸಲ್ಲುತ್ತದೆ. ಓತಿಕೇತವಾದರೂ ಅದರ ಸ್ಥಾನ ಬೇಲಿಯೇ ಹೊರತು ಪಂಜರವಲ್ಲ.

ವಿದೇಶೀ ಪ್ರಭೇದಗಳ ಮಾತು ಬೇರೆ. ಸಾಕಣೆಯಲ್ಲಿ ಹೆಚ್ಚು ಹೆಸರಾದವು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಕೆಮೀಲಿಯನ್ ಹಾಗೂ ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಕೆಮೀಲಿಯನ್. ಇವೆರಡೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. 2022ರಲ್ಲಿ ತಿದ್ದುಪಡಿಯಾದ ನಮ್ಮ ಕಾಯ್ದೆ ಇಂಥ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಅದಕ್ಕೆ ಅನುಗುಣವಾದ ನಿಯಮಗಳು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. ಅವುಗಳಂತೆ, ಪ್ರಾಣಿ ಕೈಸೇರಿದ 30 ದಿನಗಳೊಳಗೆ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ವಿವರ ಸಲ್ಲಿಸಬೇಕು. ಕಾಗದಪತ್ರಗಳಿಲ್ಲದೆ ಮಾರುವವರಿಂದ ಕೊಳ್ಳದಿರುವುದೇ ಲೇಸು. ಮುಂದಿನ ಮಾತುಗಳೆಲ್ಲ ನಿಯಮಬದ್ಧವಾಗಿ ಪಡೆದ ಪ್ರಾಣಿಯನ್ನು ಸಾಕುತ್ತಿರುವವರಿಗಾಗಿ.

ಬೆಳಕಿದೆ, ಬಿಸಿಲಿಲ್ಲ

ಸೂರ್ಯನಿಂದ ಬರುವ ನೇರಳಾತೀತ ಕಿರಣಗಳಲ್ಲಿ ಮೂರು ಬಗೆ. ಸುಮಾರು 315ರಿಂದ 400 ನ್ಯಾನೋಮೀಟರ್ ತರಂಗಾಂತರದವು ಯುವಿ-ಎ. 280ರಿಂದ 315ರವರೆಗಿನವು ಯುವಿ-ಬಿ. ಅದಕ್ಕಿಂತ ಕಿರಿದಾದವು ಯುವಿ-ಸಿ. ಕೊನೆಯದನ್ನು ವಾಯುಮಂಡಲದ ಓಝೋನ್ ಮತ್ತು ಆಮ್ಲಜನಕ ತಡೆದುಬಿಡುವುದರಿಂದ ಅದು ನೆಲವನ್ನು ಮುಟ್ಟುವುದಿಲ್ಲ.

ಯುವಿ-ಬಿ ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ-3ರ ಪೂರ್ವರೂಪವಾಗಿ ಮಾರ್ಪಡುತ್ತದೆ. ದೇಹದ ಶಾಖದಲ್ಲಿ ಅದು ಡಿ-3 ಆಗುತ್ತದೆ. ಆಹಾರದಲ್ಲಿನ ಸುಣ್ಣದ ಅಂಶವನ್ನು ಕರುಳು ಹೀರಿಕೊಳ್ಳಲು ಈ ಡಿ-3 ಬೇಕು. ಅದಿಲ್ಲದಿದ್ದರೆ ದೇಹವು ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಮೂಳೆಗಳಿಂದಲೇ ಕಿತ್ತು ಕೊಡುತ್ತದೆ. ಕಾಲುಗಳು ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ಸಡಿಲುತ್ತದೆ, ನಾಲಿಗೆ ಗುರಿ ತಲುಪದಾಗುತ್ತದೆ. ಬೆಳೆಯುವ ಮರಿಗಳಲ್ಲಿಯೂ ಮೊಟ್ಟೆ ಹೊತ್ತ ಹೆಣ್ಣಿನಲ್ಲಿಯೂ ಈ ರೋಗ ಬೇಗ ಉಲ್ಬಣಿಸುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ವಿರಳ.

ಕಿಟಕಿಯ ಸಾಮಾನ್ಯ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ಣವಾಗಿ ತಡೆಯುತ್ತದೆ. ಪೂರ್ವದಿಕ್ಕಿನ ಕೋಣೆಯಲ್ಲಿ ಬೆಳಗ್ಗೆಯೆಲ್ಲ ಬಿಸಿಲು ಸುರಿಯುತ್ತಿದ್ದರೂ ಗಾಜಿನ ಹಿಂದೆ ಕುಳಿತ ಗೋಸುಂಬೆಯ ಮೂಳೆಗಳ ಪಾಲಿಗೆ ಅದು ಕತ್ತಲೆಯೇ. ಮನೆಯ ಎಲ್ಇಡಿ ಟ್ಯೂಬುಗಳಿಂದಲೂ ಸಿಎಫ್ಎಲ್ ಬಲ್ಬುಗಳಿಂದಲೂ ಈ ಕೊರತೆ ನೀಗದು. ಪೆಟ್ಟಿಗೆಯ ಮೇಲೆ 'ಡೇಲೈಟ್', 'ಫುಲ್ ಸ್ಪೆಕ್ಟ್ರಮ್' ಎಂದು ಅಚ್ಚಾಗಿದ್ದ ಮಾತ್ರಕ್ಕೆ ಯುವಿ-ಬಿ ಇದೆಯೆಂದು ಅರ್ಥವಲ್ಲ.

ಯುವಿ ಎಂದದ್ದೆಲ್ಲ ಒಂದಲ್ಲ

ಇಂದು ಬಹುತೇಕ ಮನೆಗಳ ಅಡುಗೆಕೋಣೆಯಲ್ಲಿ 'ಯುವಿ' ನೀರು ಶುದ್ಧೀಕರಣ ಯಂತ್ರವಿದೆ. 2020ರ ಕೊರೋನಾ ದಿನಗಳಲ್ಲಿ ಕ್ರಿಮಿನಾಶಕ ಯುವಿ ದೀಪಗಳೂ ಹಲವರ ಮನೆ ಸೇರಿದವು. ಹೆಸರು ಒಂದೇ ಇರುವುದರಿಂದ ಇವುಗಳಲ್ಲೊಂದನ್ನು ಪಂಜರದ ಮೇಲೆ ಹಚ್ಚಬಹುದೆಂಬ ಯೋಚನೆ ಯಾರಿಗೂ ಬರಬಾರದು. ಇವು ಸಾಮಾನ್ಯವಾಗಿ 254 ನ್ಯಾನೋಮೀಟರ್‌ನ ಯುವಿ-ಸಿ ಸೂಸುವ ದೀಪಗಳು. ಜೀವಕೋಶಗಳನ್ನು ಕೊಲ್ಲುವುದೇ ಅವುಗಳ ಕೆಲಸ. ಗೋಸುಂಬೆಯ ಕಣ್ಣು, ಚರ್ಮಗಳಷ್ಟೇ ಅಲ್ಲ, ಅದೇ ಕೋಣೆಯಲ್ಲಿರುವ ಮಕ್ಕಳ ಕಣ್ಣುಗಳಿಗೂ ಅವು ಅಪಾಯಕಾರಿ. ಮೀನಿನ ತೊಟ್ಟಿಯ ನೀರನ್ನು ಶುದ್ಧಗೊಳಿಸುವ ಯುವಿ ದೀಪವೂ ಇದೇ ಜಾತಿಯದು. ಹೋಟೆಲು, ಮಿಠಾಯಿ ಅಂಗಡಿಗಳಲ್ಲಿ ನೊಣಗಳನ್ನು ಸೆಳೆಯುವ ನೀಲಿ ದೀಪ ಯುವಿ-ಎ ಬಗೆಯದು. ಅದರಿಂದ ಡಿ-3 ಹುಟ್ಟದು.

ಸರೀಸೃಪಗಳಿಗೆಂದೇ ತಯಾರಾದ ದೀಪಗಳಲ್ಲಿಯೂ ಎಚ್ಚರ ಬೇಕು. 2000ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮಾರಾಟವಾದ ಕೆಲವು ದೀಪಗಳು ನಿಸರ್ಗದ ಬಿಸಿಲಿನಲ್ಲಿಲ್ಲದ ಕಿರು ತರಂಗಗಳನ್ನು ಹೊಮ್ಮಿಸಿ, ಸಾಕುಪ್ರಾಣಿಗಳ ಕಣ್ಣು ಊದಿಕೊಂಡು ಮುಚ್ಚಿಹೋದ ಪ್ರಕರಣಗಳು ವರದಿಯಾಗಿದ್ದವು. ಹೆಸರಿಲ್ಲದ, ತಯಾರಕರ ಮಾಹಿತಿಯಿಲ್ಲದ ಅಗ್ಗದ ದೀಪಗಳನ್ನು ದೂರವಿಡಲು ಇದೊಂದೇ ಕಾರಣ ಸಾಕು.

ಯಾವ ದೀಪ?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ದೀಪಗಳು ಕಾಣುತ್ತವೆ.

1. ಉದ್ದನೆಯ ಟಿ-5 ಟ್ಯೂಬು: ಪಂಜರದ ಅಗಲಕ್ಕೂ ಹರಡುವಂತೆ ಸಮನಾದ ಬೆಳಕು ನೀಡುತ್ತದೆ. ಗೋಸುಂಬೆಗೆ ಇದೇ ಸೂಕ್ತವೆಂಬುದು ಅನುಭವಿಗಳ ಸಾಮಾನ್ಯ ಅಭಿಪ್ರಾಯ. ಇದರ ಹಳೆಯ ರೂಪವಾದ ಟಿ-8ರ ಶಕ್ತಿ ಕಡಿಮೆ.

2. ಸುರುಳಿಯಾಕಾರದ ಕಾಂಪ್ಯಾಕ್ಟ್ ಬಲ್ಬು: ಬೆಲೆ ಕಡಿಮೆ, ಆದರೆ ಕಿರಣಗಳು ಕಿರಿದಾದ ಜಾಗದಲ್ಲಿ ಮಾತ್ರ ಬೀಳುತ್ತವೆ ಮತ್ತು ದೂರ ಹೆಚ್ಚಿದಂತೆ ಬೇಗ ಕ್ಷೀಣಿಸುತ್ತವೆ. ಎತ್ತರದ ಪಂಜರಕ್ಕೆ ಸಾಲದು.

3. ಮರ್ಕ್ಯುರಿ ವೇಪರ್ ಬಲ್ಬು: ಶಾಖ ಮತ್ತು ಯುವಿ-ಬಿ ಎರಡನ್ನೂ ಒಟ್ಟಿಗೆ ನೀಡುತ್ತದೆ. ದೊಡ್ಡ ಮರುಭೂಮಿ ಪ್ರಾಣಿಗಳಿಗೆ ಸರಿ; ನಮ್ಮ ಸಣ್ಣ ಕೋಣೆಯ ಸಣ್ಣ ಪಂಜರಕ್ಕೆ ಅತಿಯಾಗುತ್ತದೆ. ಶಾಖವನ್ನು ತಗ್ಗಿಸಲು ಡಿಮ್ಮರ್ ಅಳವಡಿಸುವಂತಿಲ್ಲ.

ಟ್ಯೂಬಿನ ಮೇಲಿನ ಅಂಕಿಗಳು ಹೊಸಬರನ್ನು ಗೊಂದಲಕ್ಕೀಡುಮಾಡುತ್ತವೆ. ಝೂ ಮೆಡ್ ಸಂಸ್ಥೆಯ ದೀಪಗಳಲ್ಲಿ 5.0, 10.0 ಎಂದೂ ಆರ್ಕೇಡಿಯಾ ಸಂಸ್ಥೆಯವುಗಳಲ್ಲಿ ಶೇ. 6, ಶೇ. 12 ಎಂದೂ ಇರುತ್ತದೆ. ದೀಪದ ಒಟ್ಟು ಹೊಮ್ಮುವಿಕೆಯಲ್ಲಿ ಯುವಿ-ಬಿಯ ಪಾಲು ಸುಮಾರಾಗಿ ಎಷ್ಟೆಂಬುದನ್ನು ಅವು ಸೂಚಿಸುತ್ತವೆ. ಕೊಂಬೆಯ ಮೇಲೆ ಬೀಳುವ ಪ್ರಮಾಣವನ್ನಲ್ಲ. ಸಾಮಾನ್ಯ ಗಾತ್ರದ ಪಂಜರಕ್ಕೆ 5.0 ಅಥವಾ ಶೇ. 6ರ ಟ್ಯೂಬು ತಕ್ಕುದು. ಹೆಚ್ಚು ಅಂಕಿ ಎಂದರೆ ಹೆಚ್ಚು ಒಳಿತೆಂದು ಭಾವಿಸಬಾರದು.

ಪ್ರಮಾಣ ಮತ್ತು ದೂರ

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಮಾತು ಇದು: ಕೊಳ್ಳಬೇಕಾದುದು ಹೆಸರನ್ನೂ ಅಲ್ಲ, ವಾಟನ್ನೂ ಅಲ್ಲ, ಗೋಸುಂಬೆ ಕೂರುವ ಕೊಂಬೆಯಲ್ಲಿ ಸಿಗುವ ಅಳತೆಯನ್ನು. ಆ ಅಳತೆಗೆ ಯುವಿ ಸೂಚ್ಯಂಕ ಎಂದು ಹೆಸರು. ಹವಾಮಾನ ವರದಿಗಳಲ್ಲಿ ನಾವು ಕಾಣುವ ಸೂಚ್ಯಂಕವೂ ಇದೇ. ಮುಂಬಯಿ, ಥಾಣೆಗಳ ಬೇಸಿಗೆಯ ನಡುಹಗಲಿನಲ್ಲಿ ಅದು 11ನ್ನೂ ದಾಟುತ್ತದೆ.

ಅಮೆರಿಕದ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಸರೀಸೃಪಗಳನ್ನು ಅವುಗಳ ನೆಲೆಯಲ್ಲೇ ಗಮನಿಸಿ, 2010ರಲ್ಲಿ ಅವುಗಳನ್ನು ಬಿಸಿಲಿನ ಬಳಕೆಗೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿದರು. ವೇಲ್ಡ್ ಮತ್ತು ಪ್ಯಾಂಥರ್ ಗೋಸುಂಬೆಗಳನ್ನು ಮೂರನೆಯ ವಲಯಕ್ಕೆ ಸೇರಿಸುವುದು ರೂಢಿ. ಇವುಗಳ ಮೇಲಿನ ಕೊಂಬೆಯಲ್ಲಿ ಸೂಚ್ಯಂಕ 3ರ ಆಸುಪಾಸಿನಲ್ಲಿದ್ದು, ಕೆಳಗಿಳಿದಂತೆ ಸೊನ್ನೆಯವರೆಗೆ ಇಳಿಯುವಂತಿರಬೇಕು.

ಇಳಿಯಲು ಅವಕಾಶವಿರಬೇಕೆಂಬುದಕ್ಕೆ ಬಲವಾದ ಕಾರಣವಿದೆ. ಫರ್ಗ್ಯುಸನ್ ಅವರೂ ಸೇರಿದ್ದ ತಂಡವೊಂದು ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಡಿ-3 ಕಡಿಮೆ ಪಡೆದವು ಯುವಿ ಬೆಳಕಿಗೆ ಹೆಚ್ಚಾಗಿ ಮೈಯೊಡ್ಡಿದವು. ಹೆಚ್ಚು ಪಡೆದವು ಕಡಿಮೆ ಒಡ್ಡಿದವು. ತನಗೆಷ್ಟು ಬೇಕೆಂಬ ಅರಿವು ಆ ಪುಟ್ಟ ಜೀವಿಗಿದೆ. ನಮ್ಮ ಕರ್ತವ್ಯ ಬಿಸಿಲು ಮತ್ತು ನೆರಳು ಎರಡನ್ನೂ ಒದಗಿಸಿ ಆಯ್ಕೆಯನ್ನು ಅದಕ್ಕೇ ಬಿಡುವುದು. ದಟ್ಟ ಎಲೆಗಳ ಗಿಡವೊಂದು ಪಂಜರದಲ್ಲಿ ಇರಲೇಬೇಕು.

ಶೇ. 6ರ ಟಿ-5 ಟ್ಯೂಬನ್ನು ಪಂಜರದ ಜಾಲರಿಯ ಮೇಲಿಟ್ಟರೆ, ಮೇಲಿನ ಕೊಂಬೆಯಲ್ಲಿ ಕುಳಿತ ಗೋಸುಂಬೆಯ ಬೆನ್ನು ಟ್ಯೂಬಿನಿಂದ 20ರಿಂದ 25 ಸೆಂಟಿಮೀಟರ್ ಕೆಳಗಿರುವಂತೆ ನೋಡಿಕೊಳ್ಳುವುದು ಸಾಮಾನ್ಯ ಕ್ರಮ. ಆದರೆ ಜಾಲರಿಯೊಂದೇ ಮೂರರಲ್ಲಿ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ತಡೆಯಬಲ್ಲದು. ಪ್ರತಿಫಲಕವಿದ್ದರೆ ಪ್ರಮಾಣ ಏರುತ್ತದೆ. ಆದ್ದರಿಂದ ಅಳೆದು ನೋಡುವುದೇ ಖಚಿತ ಮಾರ್ಗ. ಸೋಲಾರ್‌ಮೀಟರ್ 6.5 ಎಂಬ ಉಪಕರಣ ಇದಕ್ಕೆ ಹೆಸರಾಗಿದೆ. ಬೆಲೆ ಹೆಚ್ಚೆನಿಸಿದರೆ ನಾಲ್ಕೈದು ಸಾಕಣೆದಾರರು ಕೂಡಿ ಒಂದನ್ನು ಕೊಂಡು ಹಂಚಿಕೊಳ್ಳಬಹುದು. ಪಂಜರ ಮತ್ತು ದೀಪದ ನಡುವೆ ಗಾಜು, ಪ್ಲಾಸ್ಟಿಕ್ ಹಾಳೆಗಳು ಇರಕೂಡದು.

ದೀಪ ಸದಾ ನೆತ್ತಿಯ ಮೇಲಿರಬೇಕು. ಸೂರ್ಯ ಮೇಲಿದ್ದಾಗ ಹುಬ್ಬಿನ ಏಣು ಗೋಸುಂಬೆಯ ಕಣ್ಣಿಗೆ ನೆರಳಾಗುತ್ತದೆ. ಪಕ್ಕದಿಂದ ಬೀಳುವ ಕಿರಣಗಳಿಗೆ ಆ ತಡೆಯಿಲ್ಲ. ದಿನಕ್ಕೆ ಸುಮಾರು 12 ತಾಸು ಬೆಳಕು, ರಾತ್ರಿ ಪೂರ್ಣ ಕತ್ತಲೆ ಎಂಬುದು ನಿಯಮ.

ವಿದ್ಯುತ್ತು ಮತ್ತು ಆಯಸ್ಸು

ಅಮೆರಿಕದಿಂದ ಬಂಧುಗಳ ಕೈಯಲ್ಲಿ ದೀಪ ತರಿಸುವವರು ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿನ ವಿದ್ಯುತ್ತು 120 ವೋಲ್ಟ್. ನಮ್ಮದು 230 ವೋಲ್ಟ್. ಅಲ್ಲಿನ ಬಲ್ಬು ಅಥವಾ ಟ್ಯೂಬಿನ ಚೌಕಟ್ಟನ್ನು ನೇರವಾಗಿ ಇಲ್ಲಿ ಜೋಡಿಸಿದರೆ ಸುಟ್ಟುಹೋಗಬಹುದು, ಬೆಂಕಿಯೂ ತಗಲಬಹುದು. 230 ವೋಲ್ಟಿಗೆ ಹೊಂದುವ ಬ್ಯಾಲಾಸ್ಟ್ ಇರುವ ಚೌಕಟ್ಟನ್ನೇ ಕೊಳ್ಳಬೇಕು. ಪಂಜರಕ್ಕೆ ದಿನವೂ ನೀರು ಸಿಂಪಡಿಸುವುದರಿಂದ ಪ್ಲಗ್ಗು, ತಂತಿಗಳು ತೇವದಿಂದ ದೂರವಿರಲಿ.

ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಯುವಿ-ಬಿ ಬರುತ್ತಿದೆ ಎಂದಲ್ಲ. ಕಣ್ಣಿಗೆ ಬೆಳಕು ಮೊದಲಿನಂತೆಯೇ ಕಂಡರೂ ಯುವಿ-ಬಿ ದಿನದಿನಕ್ಕೆ ಕುಂದುತ್ತದೆ. ಟಿ-5 ಟ್ಯೂಬುಗಳನ್ನು ಸುಮಾರು ವರ್ಷಕ್ಕೊಮ್ಮೆ, ಕಾಂಪ್ಯಾಕ್ಟ್ ಬಲ್ಬುಗಳನ್ನು ಸುಮಾರು ಆರು ತಿಂಗಳಿಗೊಮ್ಮೆ ಬದಲಿಸುವುದು ರೂಢಿ. ಹಚ್ಚಿದ ದಿನಾಂಕವನ್ನು ದೀಪದ ತುದಿಯಲ್ಲೇ ಬರೆದಿಡುವುದು ಉತ್ತಮ. ಟ್ಯೂಬುಗಳಲ್ಲಿ ಪಾದರಸವಿರುವುದರಿಂದ ಒಡೆಯದಂತೆ ವಿಲೇವಾರಿ ಮಾಡಬೇಕು.

ನಮ್ಮೂರಿನ ಬಿಸಿಲು

ಲಂಡನ್ ಅಥವಾ ನ್ಯೂಯಾರ್ಕಿನ ಸಾಕಣೆದಾರನಿಗಿಲ್ಲದ ಭಾಗ್ಯವೊಂದು ನಮಗಿದೆ. ಮಳೆಗಾಲದ ತಿಂಗಳುಗಳನ್ನು ಬಿಟ್ಟರೆ ಥಾಣೆಯಲ್ಲಿ ವರ್ಷದ ಬಹುಕಾಲ ಒಳ್ಳೆಯ ಬಿಸಿಲಿದೆ. ಬೆಳಗ್ಗೆ ಅರ್ಧ ತಾಸು ತೆರೆದ ಬಾಲ್ಕನಿಯಲ್ಲಿ ಜಾಲರಿಯ ಪಂಜರವನ್ನಿಟ್ಟರೆ ಯಾವ ದೀಪವೂ ಅದಕ್ಕೆ ಸಮನಲ್ಲ. ಬಿಸಿಲಿನಿಂದ ಡಿ-3 ಅತಿಯಾಗುವ ಭಯವೂ ಇಲ್ಲ; ಹೆಚ್ಚಾದುದನ್ನು ಚರ್ಮವೇ ನಿರುಪಯೋಗಿ ರೂಪಗಳಿಗೆ ತಿರುಗಿಸುತ್ತದೆ. ಅತಿಯಾಗುವ ಭಯವಿರುವುದು ಪುಡಿ ರೂಪದ ಡಿ-3ರಿಂದ. ಅದನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ಕೊಡಬೇಕು. ಆದರೆ ಗಾಜಿನ ತೊಟ್ಟಿಯನ್ನು ಎಂದೂ ಬಿಸಿಲಲ್ಲಿಡಬಾರದು. ಕೆಲವೇ ನಿಮಿಷಗಳಲ್ಲಿ ಅದು ಕುಲುಮೆಯಾಗುತ್ತದೆ. ಪಂಜರದ ಅರ್ಧ ಭಾಗ ನೆರಳಿನಲ್ಲಿರಲಿ, ಕಾಗೆ ಬೆಕ್ಕುಗಳ ಕಾವಲಿಗೆ ಒಬ್ಬರು ಹತ್ತಿರವಿರಲಿ. ಮಳೆಗಾಲದಲ್ಲಿ ದೀಪವೇ ಆಧಾರ.

ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿರುವುದು, ರೆಪ್ಪೆ ಊದಿರುವುದು, ಕಣ್ಣನ್ನು ಕೊಂಬೆಗೆ ಉಜ್ಜುವುದು ಕಂಡರೆ ದೀಪವನ್ನು ಕೂಡಲೇ ಆರಿಸಿ ವೈದ್ಯರ ಬಳಿ ಒಯ್ಯಬೇಕು. ನಡುಕ, ಬಾಗಿದ ಕಾಲು, ಪದೇ ಪದೇ ಕೆಳಗೆ ಬೀಳುವುದು ಕೊರತೆಯ ಲಕ್ಷಣಗಳು. ಸರೀಸೃಪಗಳನ್ನು ಬಲ್ಲ ವೈದ್ಯರು ಯಾರೆಂಬುದನ್ನು ಪ್ರಾಣಿ ಮನೆಗೆ ಬರುವ ಮುನ್ನವೇ ವಿಚಾರಿಸಿಡಬೇಕು.

ದೀಪ, ಚೌಕಟ್ಟು, ವರ್ಷಕ್ಕೊಂದು ಹೊಸ ಟ್ಯೂಬು, ವೈದ್ಯರ ಶುಲ್ಕ ಇವೆಲ್ಲವನ್ನೂ ಲೆಕ್ಕ ಹಾಕಿದ ಮೇಲೆಯೇ ಗೋಸುಂಬೆಯನ್ನು ತರುವ ನಿರ್ಧಾರ ಕೈಗೊಳ್ಳುವುದು ವಿವೇಕ. ಅಷ್ಟನ್ನು ಒದಗಿಸಲಾಗದಿದ್ದರೆ ತರದಿರುವುದೂ ಪ್ರಾಣಿಪ್ರೀತಿಯೇ. ಬಣ್ಣ ಬದಲಿಸುವವರನ್ನು ಗೋಸುಂಬೆಗೆ ಹೋಲಿಸಿ ನಾವು ಹಳಿಯುತ್ತೇವೆ. ಆದರೆ ಪಂಜರದೊಳಗಿನ ಗೋಸುಂಬೆ ತನ್ನ ಬಣ್ಣವನ್ನಷ್ಟೇ ಬದಲಿಸಬಲ್ಲದು, ತನ್ನ ಬಿಸಿಲನ್ನಲ್ಲ. ಅದರ ಹೊಣೆ ಸಾಕುವವರದು.