ನಿಂತ ಲಾರಿಯನ್ನು ಎಬ್ಬಿಸುವ ಪೆಟ್ಟಿಗೆ

ತೊಗರಿಯ ಸುಗ್ಗಿಯ ದಿನಗಳು. ಚಿಂಚೋಳಿಯಲ್ಲಿ ನಮ್ಮ ಮನೆಯೆದುರಿನ ಬಯಲಿನಲ್ಲಿ ರಾತ್ರಿಯೇ ಚೀಲ ಹೇರಿಕೊಂಡು ನಿಂತಿದ್ದ ಲಾರಿ ಬೆಳಗಿನ ಚಳಿಯಲ್ಲಿ ಹೊರಡಬೇಕಾಗಿತ್ತು. ಚಾಲಕ ಕೀಲಿ ತಿರುವಿದ. ‘ಟಕ್’ ಎಂಬ ಸದ್ದಾಯಿತು, ಅಷ್ಟೇ. “ಸೆಲ್ಫ್ ಎತ್ತವಲ್ದು ನೋಡ್ರೀ ಕಾಕಾ” ಎಂದು ಇಳಿದು ಬಂದ. ಹತ್ತು ಮಂದಿ ಸೇರಿ ತಳ್ಳಿದೆವು; ತುಂಬಿದ ಲಾರಿ ಎಲ್ಲಿ ಅಲುಗೀತು? ಮೆಕ್ಯಾನಿಕ್ ಬರುವ ವೇಳೆಗೆ ಹನ್ನೊಂದು ಹೊಡೆದಿತ್ತು, ಅಂದಿನ ಬಾಡಿಗೆ ಹೋಗಿತ್ತು. ರಾತ್ರಿಯೆಲ್ಲ ಕ್ಯಾಬಿನ್ನಿನಲ್ಲಿ ಹಾಡು ಹಾಕಿಕೊಂಡು ಮಲಗಿದ್ದನಂತೆ. ರೇಡಿಯೋಪ್ರಿಯರಾದ ನಾವು ಅದಕ್ಕಾಗಿ ಅವನನ್ನು ಬಯ್ಯುವಂತಿಲ್ಲ!

ವಾಡಿ, ಸೇಡಂ, ಮಳಖೇಡಗಳ ಸಿಮೆಂಟು, ಶಹಾಬಾದಿನ ಹಾಸುಗಲ್ಲು, ಚಿಂಚೋಳಿಯ ತೊಗರಿ ಇವೆಲ್ಲ ಲಾರಿಯನ್ನೇ ನಂಬಿವೆ. ಒಂದೆರಡು ಲಾರಿಗಳಿಂದಲೇ ಸಂಸಾರ ಸಾಗಿಸುವ ಮನೆಗಳು ಈ ಭಾಗದಲ್ಲಿ ಅನೇಕ. ಅಂಥವರು ಈಚೆಗೆ ‘ಜಂಪ್ ಸ್ಟಾರ್ಟರ್’ ಎಂಬ, ಕೈಯಲ್ಲಿ ಒಯ್ಯಬಹುದಾದ ವಿದ್ಯುತ್ ಪೆಟ್ಟಿಗೆಯ ವಿಚಾರ ಕೇಳುತ್ತಾರೆ. ಕೊಳ್ಳುವ ಮೊದಲು ಅದು ಮಾಡಬೇಕಾದ ಕೆಲಸವೇನೆಂದು ತಿಳಿದಿರಬೇಕು.

ಪೆಟ್ರೋಲು ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಉಂಟು. ಡೀಸೆಲ್ ಎಂಜಿನ್ನಿಗೆ ಅದಿಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ಎಂಜಿನ್ನು ನಿಧಾನವಾಗಿ ತಿರುಗಿದರೆ ಆ ಕಾವು ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ. ಆದುದರಿಂದ ಬರಿಯ ತಿರುಗಿಸಿದರೆ ಸಾಲದು, ರಭಸವಾಗಿ ತಿರುಗಿಸಬೇಕು. ಚಳಿಯಲ್ಲಿ ಆಯಿಲು ಗಟ್ಟಿಯಾಗಿರುತ್ತದೆ, ಬ್ಯಾಟರಿಯ ರಸಾಯನಕ್ರಿಯೆಯೂ ಮಂದವಾಗಿರುತ್ತದೆ. ಎರಡೂ ಒಟ್ಟಿಗೆ ಕಾಡುತ್ತವೆ.

ಇದಕ್ಕೆಷ್ಟು ವಿದ್ಯುತ್ತು ಬೇಕು? ಇಪ್ಪತ್ತು ವೋಲ್ಟಿನಲ್ಲಿ 500 ಆಂಪಿಯರು, ಐದು ಸೆಕೆಂಡು ಎಂದು ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 14 ವಾಟ್-ಗಂಟೆ. ಏಳು ವಾಟಿನ ಒಂದು ದೀಪ ಎರಡು ಗಂಟೆ ಉರಿದಷ್ಟು! ಇಷ್ಟೇ ಅಲ್ಪ. ಆದರೆ ದೀಪ ಎರಡು ಗಂಟೆಯಲ್ಲಿ ಕುಡಿಯುವುದನ್ನು ಐದು ಸೆಕೆಂಡಿನಲ್ಲಿ ಸುರಿಯಬೇಕು. ಕೊಡದ ತುಂಬ ನೀರಿದ್ದರಾಯಿತೆ? ಬಾಯಿ ಅಗಲವಿರಬೇಕು. ಆದ್ದರಿಂದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘ಇಷ್ಟು ಸಾವಿರ ಮಿಲಿ ಆಂಪಿಯರ್-ಗಂಟೆ’ ಎಂಬುದಕ್ಕೆ ಮರುಳಾಗಬೇಡಿ. ‘ಪೀಕ್ ಆಂಪಿಯರ್’ ಎಂಬ ಇನ್ನೊಂದು ಅಂಕಿಯೂ ಅಷ್ಟೇ. ಅದು ಕ್ಷಣಮಾತ್ರದ ಉಬ್ಬರ. ಎಂಜಿನ್ನು ತಿರುಗುವಷ್ಟು ಹೊತ್ತು ನಿಲ್ಲುವ ಪ್ರವಾಹ ಅದರ ಅರ್ಧಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಅಂಗಡಿಯವರನ್ನು ಹೀಗೆ ಕೇಳಿ: “24 ವೋಲ್ಟಿನಲ್ಲಿ, ಎಷ್ಟು ಸೆಕೆಂಡು, ಎಷ್ಟು ಆಂಪಿಯರು?” ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ.

ವೋಲ್ಟಿನ ಮಾತು ಮುಖ್ಯವಾದದ್ದು. ಟ್ರ್ಯಾಕ್ಟರು, ಜೀಪುಗಳಿಗೆ 12 ವೋಲ್ಟು. ದೊಡ್ಡ ಲಾರಿ, ಟಿಪ್ಪರು, ಬಸ್ಸುಗಳಲ್ಲಿ ಹೆಚ್ಚಿನವಕ್ಕೆ 24. ಅಂದರೆ ಎರಡು ಬ್ಯಾಟರಿಗಳ ಸರಣಿ. ಕಾರಿಗೆಂದು ಮಾಡಿದ ಅಂಗೈಯಗಲದ ಪೆಟ್ಟಿಗೆ ಇಲ್ಲಿ ನಡೆಯದು. ಎರಡಕ್ಕೂ ಬದಲಾಯಿಸಬಹುದಾದದ್ದನ್ನು ಕೊಂಡರೆ, ಜೋಡಿಸುವ ಮೊದಲು ಗುಂಡಿ ಯಾವ ಕಡೆಗಿದೆಯೆಂದು ಎರಡು ಸಲ ನೋಡಬೇಕು.

ಒಳಗಿನ ವಸ್ತುವಿನಲ್ಲಿ ಮೂರು ಬಗೆ. ಸೀಸ-ಆಮ್ಲದ್ದು ಭಾರ, ಎತ್ತಲು ಆಳು ಬೇಕು. ಆದರೆ ಒರಟು ಕೆಲಸಕ್ಕೆ ಒದಗುತ್ತದೆ. ಲಿಥಿಯಮ್ಮಿನದು ಹಗುರ, ಆದರೆ ನಮ್ಮ ಬಿಸಿಲಿಗೆ ಅಂಜಬೇಕು. ವೈಶಾಖದಲ್ಲಿ ಹೊರಗೆ 43 ಡಿಗ್ರಿ ಇದ್ದಾಗ ಮುಚ್ಚಿದ ಕ್ಯಾಬಿನ್ನಿನೊಳಗೆ 60 ದಾಟೀತು. ಅಲ್ಲಿ ಅದನ್ನು ಇಡುವುದು ಅಪಾಯ. ಲಿಥಿಯಮ್ಮಿನಲ್ಲಿಯೇ ಕಬ್ಬಿಣ-ಫಾಸ್ಫೇಟಿನ ಜಾತಿ ಕೊಂಚ ಸಹನಶೀಲ. ಮೂರನೆಯದು ಕೆಪಾಸಿಟರಿನ ಪೆಟ್ಟಿಗೆ. ಸೋತ ಬ್ಯಾಟರಿಯಲ್ಲಿ ಉಳಿದ ಚೂರುಪಾರನ್ನೇ ಕೆಲವು ನಿಮಿಷ ಹೀರಿ ಕೂಡಿಸಿ, ಒಮ್ಮೆಗೇ ಕೊಡುತ್ತದೆ. ತಿಂಗಳಾನುಗಟ್ಟಲೆ ಮರೆತಿಟ್ಟರೂ ಕೆಡದು. ಆದರೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಹೀರುವುದೇನನ್ನು? ಬೇರೆ ಮೂಲದಿಂದ ತುಂಬಬೇಕು. ಬೆಲೆಯೂ ಹೆಚ್ಚು. ಒಂದೇ ಲಾರಿಯವರಿಗೆ ನಾನು ಹೇಳುವುದು ಕಬ್ಬಿಣ-ಫಾಸ್ಫೇಟಿನದನ್ನು. ಬೇಸಗೆಯಲ್ಲಿ ಚಾಲಕ ಇಳಿಯುವಾಗ ಜೊತೆಗೇ ಇಳಿಸಿಕೊಳ್ಳಲಿ. ಯಾವುದನ್ನೇ ಕೊಳ್ಳಿ, ತಂತಿ ದಪ್ಪವಾಗಿರಲಿ, ಕಚ್ಚುವ ಹಲ್ಲು ತಾಮ್ರದ್ದಾಗಿರಲಿ. ತೆಳು ತಂತಿ ಬಿಸಿಯಾಗುತ್ತದೆ, ಎಂಜಿನ್ನು ತಿರುಗುವುದಿಲ್ಲ.

‘ತಳ್ಳಿದರಾಗದೆ?’ ಎನ್ನುವ ಹಿರಿಯರಿಗೊಂದು ಮಾತು. ಹಳೆಯ ಗಾಡಿಗೆ ಅದು ನಡೆಯುತ್ತಿತ್ತು. ಈಗಿನ ಲಾರಿಗಳಲ್ಲಿ ಎಣ್ಣೆ ಚಿಮ್ಮಿಸುವುದೂ ವಿದ್ಯುತ್ತಿನ ಅಪ್ಪಣೆಯಿಂದಲೇ. ಬ್ಯಾಟರಿ ಬರಿದಾಗಿದ್ದರೆ ಊರೇ ತಳ್ಳಿದರೂ ಅಪ್ಪಣೆ ಹೊರಡದು.

ಜೋಡಿಸುವಾಗ ಕೆಂಪು ತುದಿಯನ್ನು ಬ್ಯಾಟರಿಗಳ ಸರಣಿಯ ಧನ ತುದಿಗೆ ಕಚ್ಚಿಸಿ, ಕಪ್ಪನ್ನು ಕೊನೆಗೆ, ಬ್ಯಾಟರಿಯಿಂದ ದೂರ, ಎಂಜಿನ್ನಿನ ಬರಿಯ ಲೋಹಕ್ಕೆ. ಬ್ಯಾಟರಿಯಿಂದ ಜಲಜನಕ ಹೊರಡುತ್ತಿರುತ್ತದೆ. ಅದರ ಬಳಿ ಕಿಡಿ ಹಾರಿದರೆ ಆಮ್ಲ ಮುಖಕ್ಕೆ ಸಿಡಿದೀತು. ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬೇಡಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ.

ಎಂಜಿನ್ನು ಎದ್ದ ಮೇಲೆ ಮೀಟರು ಹಿಡಿದರೆ ಸುಮಾರು 28 ವೋಲ್ಟು ತೋರಬೇಕು. ನಮ್ಮ ಮನೆಯೆದುರಿನ ಲಾರಿಯಲ್ಲಿ ತೋರಿದ್ದು 24ಕ್ಕೂ ಕಡಿಮೆ. ಡೈನಮೋದ ಬೆಲ್ಟು ಸಡಿಲಾಗಿತ್ತು. ಹಾಡಿನ ತಪ್ಪೇನೂ ಇರಲಿಲ್ಲ.