ತಲೆ ಲೆಕ್ಕದ ಅನುದಾನ, ಕೈ ಸಾಲದ ಶಾಲೆ

ವಿ.ಸಿ. ಫಾರಂ: ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಈ ಊರಿನವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ತೂಬು ಎತ್ತಿದ ಮಾತ್ರಕ್ಕೆ ಕೊನೇ ಭಾಗದ ಗದ್ದೆಗೆ ನೀರು ಹೋಗೋದಿಲ್ಲ. ತೀವ್ರ ಅಂಗವೈಕಲ್ಯದ ಮಕ್ಕಳ ಶಾಲೆಗಳ ಪಾಡೂ ಇದೇ.

ಕಾನೂನಿಗೇನೂ ಕೊರತೆಯಿಲ್ಲ. 2016ರ ಕಾಯ್ದೆ ಪ್ರಕಾರ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ವಿಶೇಷ ಶಾಲೆ ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ ರಾಜ್ಯ ಸರ್ಕಾರ ‘ಶಿಶು ಕೇಂದ್ರಿತ’ ಯೋಜನೆಯಲ್ಲಿ ಮಗುವಿಗೆ ಇಂತಿಷ್ಟು ಅಂತ ಅನುದಾನ ಕೊಡುತ್ತದೆ.

ತೊಡಕಿರೋದು ಇಲ್ಲೇ. ದುಡ್ಡು ತಲೆ ಲೆಕ್ಕದಲ್ಲಿ, ಖರ್ಚು ಕೈ ಲೆಕ್ಕದಲ್ಲಿ. ತಾನಾಗಿ ಕೂರಲಾರದ, ಉಣ್ಣಲಾರದ ಮಗುವಿಗೆ ತುತ್ತಿಡೋಕೆ, ಬಟ್ಟೆ ಬದಲಿಸೋಕೆ ಜನ ಬೇಕು. ಕಿವಿ, ಕಣ್ಣು ಎರಡೂ ಇಲ್ಲದ ಮಕ್ಕಳಾದರೆ ಇಬ್ಬರಿಗೊಬ್ಬ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

2023ರ ಜೂನ್ 11ರಿಂದ ತಾಯಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಕುತ್ತಿಗೆ ನಿಲ್ಲದ ಹತ್ತು ವರ್ಷದ ಮಗನನ್ನು ಎತ್ತಿಕೊಂಡು ಬೆಳಗಿನ ನೂಕುನುಗ್ಗಲಲ್ಲಿ ಮಂಡ್ಯದ ಬಸ್ ಹತ್ತೋದು ಹೇಗೆ ಸ್ವಾಮಿ? ಶಾಲೆಯೇ ವ್ಯಾನು ಇಡಬೇಕು. ಡೀಸೆಲ್ಲು, ಡ್ರೈವರು, ಆಯಾ ಯಾರೂ ಸರ್ಕಾರದ ಕಂತಿಗೆ ಕಾಯೋರಲ್ಲ. ಕಂತು ತಡವಾಗಿ ವ್ಯಾನು ನಿಂತರೆ ಮಗು ಮನೆಯಲ್ಲಿ. ಮಗು ಮನೆಯಲ್ಲಿದ್ದರೆ ತಾಯಿಯ ಕೂಲಿಗೂ ಕಲ್ಲು.

ಹುಟ್ಟುಹಬ್ಬಕ್ಕೆ ಇಂಥ ಶಾಲೆಗೆ ಹೋಗಿ ಸಿಹಿ ಹಂಚಿ ಫೋಟೋ ಹೊಡೆಸಿಕೊಳ್ಳುವ ಅಂಗಡಿ ಯಜಮಾನರು ಒಂದು ತಿಂಗಳ ಡೀಸೆಲ್ ಖರ್ಚು ಕೊಟ್ಟರೆ ದೊಡ್ಡ ಉಪಕಾರ. ಆದರೆ ದಾನದಿಂದ ಎಷ್ಟು ದಿನ? ವೈಕಲ್ಯದ ತೀವ್ರತೆ ನೋಡಿ, ವೇಳೆಗೆ ಸರಿಯಾಗಿ ಅನುದಾನ ಬರಬೇಕು. ಕೊನೇ ಗದ್ದೆ ನೆನೆದರೆ ತಾನೇ ನಾಲೆಗೆ ಮರ್ಯಾದೆ?