ಮನೆಯ ದುರಸ್ತಿಗೆ ನಂಬಿಕೆಯ ಗುತ್ತಿಗೆದಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಆದರೆ ಕಟ್ಟಿದ ಮನೆಯನ್ನು ದುರಸ್ತಿ ಮಾಡಿಸುವುದು ಅದಕ್ಕಿಂತಲೂ ಸೂಕ್ಷ್ಮವಾದ ಕಾರ್ಯವೆಂಬುದು ಅನುಭವಸ್ಥರ ಮಾತು. ಹೊಸ ಮನೆಯು ಪಾಯದಿಂದ ಮಾಡಿನವರೆಗೆ ನಮ್ಮ ಕಣ್ಣೆದುರಿನಲ್ಲಿಯೇ ಏಳುವುದು. ಹಳೆಯ ಮನೆಯಲ್ಲಾದರೋ ರೋಗವು ಗಾರೆಯ ಒಳಗಡೆ ಅಡಗಿರುವುದು. ಮಾಡಿದ ಚಿಕಿತ್ಸೆಯೂ ಇನ್ನೊಂದು ಪದರದ ಗಾರೆಯಡಿಯಲ್ಲಿ ಮರೆಯಾಗುವುದು. ಕೆಲಸವು ಸಾಚಾ ಆಗಿತ್ತೋ ಇಲ್ಲವೋ ಎಂಬುದನ್ನು ಮುಂದಿನ ಮಳೆಗಾಲವೇ ಹೇಳಬೇಕು. ಅಷ್ಟರಲ್ಲಿ ಹಣವೂ ಹೋಗಿರುತ್ತದೆ, ಆಳೂ ಹೋಗಿರುತ್ತಾನೆ. ಆದುದರಿಂದ ವರುಷಗಟ್ಟಲೆ ಕೂಡಿಟ್ಟ ಉಳಿತಾಯವನ್ನು ಒಬ್ಬನ ಕೈಗೆ ಒಪ್ಪಿಸುವ ಮುನ್ನ ಅವನನ್ನು ಪರೀಕ್ಷಿಸುವ ಬಗೆಯನ್ನು ಗೃಹಸ್ಥರೂ ಗೃಹಿಣಿಯರೂ ತಿಳಿದಿರುವುದು ಅವಶ್ಯಕ.

ಮೊದಲನೆಯದು ವಿಚಾರಣೆ. ನಿನ್ನೆ ಸುಣ್ಣ ಬಳಿದ ಗೋಡೆಯನ್ನು ನೋಡಿ ಮೆಚ್ಚತಕ್ಕದ್ದಲ್ಲ. ಎರಡು ಮಳೆಗಾಲಗಳನ್ನು ಕಂಡ ಕೆಲಸವನ್ನು ತೋರಿಸೆಂದು ಕೇಳಬೇಕು. ಆ ಮನೆಯವರನ್ನು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಹೇಳಿದ ಕಾಲಕ್ಕೆ ಮುಗಿಸಿದನೆ? ಹೇಳಿದ ಹಣಕ್ಕೆ ಮುಗಿಸಿದನೆ? ಮುಗಿದ ಮೇಲೆ ಲೋಪ ಕಂಡು ಕರೆದಾಗ ಬಂದನೆ? ಇವುಗಳಲ್ಲಿ ಮೂರನೆಯದೇ ಮುಖ್ಯವಾದುದು. ಲೋಪವಿಲ್ಲದ ಕೆಲಸಗಾರನು ದುರ್ಲಭ. ಕರೆದಾಗ ಬಂದು ಸರಿಪಡಿಸುವವನೇ ಯೋಗ್ಯನು.

ಎರಡನೆಯದಾಗಿ, ಬೆಲೆ ಹೇಳುವ ಮೊದಲು ಅವನು ಕಾರಣವನ್ನು ಹುಡುಕುವನೆ ಎಂಬುದನ್ನು ಗಮನಿಸಿರಿ. ಗೋಡೆಯಲ್ಲಿ ತೇವ ಕಂಡಿತೆನ್ನೋಣ. ಅದು ನೆಲದಿಂದ ಏರಿದುದಾಗಿರಬಹುದು, ಒಳಗಿನ ಕೊಳಾಯಿಯಿಂದ ಸೋರಿದುದಾಗಿರಬಹುದು, ತಾರಸಿಯ ಬಿರುಕಿನಿಂದ ಇಳಿದುದಾಗಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಇದೊಂದನ್ನೂ ವಿಚಾರಿಸದೆ ‘ಸಿಮೆಂಟು ಬಳಿದರಾಯಿತು’ ಎನ್ನುವವನನ್ನು ದೂರವಿಡುವುದು ಲೇಸು. ಮಣ್ಣು ಸುಣ್ಣಗಳಿಂದ ಕಟ್ಟಿದ ಹಳೆಯ ಗೋಡೆಗಳು ತಮ್ಮೊಳಗಿನ ತೇವವನ್ನು ಹೊರಕ್ಕೆ ಬಿಡುತ್ತ ಒಣಗುವುವು. ಅವುಗಳ ಮೇಲೆ ಗಟ್ಟಿ ಸಿಮೆಂಟನ್ನು ಬಳಿದರೆ ತೇವವು ಒಳಗೇ ಉಳಿದು ಗೋಡೆಯು ಶಿಥಿಲವಾಗಿ, ಕೆಲವು ವರುಷಗಳಲ್ಲಿ ಗಾರೆಯು ಹಪ್ಪಳದಂತೆ ಎದ್ದು ಬರುವುದು. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಸಲ್ಲುವುದು. ಹಾಗೆಯೇ ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ನಾಡಿನ ಎಷ್ಟೋ ಮನೆಗಳನ್ನು ಆ ಹೆಂಚು ಕಾಯುತ್ತ ಬಂದಿದೆ. ಅದು ಸೋರಿದರೆ ಅನೇಕ ವೇಳೆ ನಾಲ್ಕಾರು ಒಡೆದ ಹೆಂಚುಗಳನ್ನೂ ಲಡ್ಡಾದ ರೀಪುಗಳನ್ನೂ ಬದಲಿಸಿದರೆ ಸಾಕು. ಮಾಡನ್ನೇ ಕೆಡವಬೇಕೆನ್ನುವವನಿಂದ ಕಾರಣವನ್ನು ಕೇಳಿ ತಿಳಿಯಬೇಕು.

ಮೂರನೆಯದು ಅಂದಾಜು. ಕೆಲಸದ ಪಟ್ಟಿಯನ್ನು ನೀವೇ ಬರೆದು, ಒಂದೇ ಪಟ್ಟಿಯನ್ನು ಮೂವರಿಗೆ ಕೊಟ್ಟು ಬೆಲೆ ಕೇಳಿರಿ. ದಿನಗೂಲಿಯಲ್ಲಿ ಕೆಲಸವು ಬೆಳೆಯುವ ಭಯವುಂಟು. ಕೂಲಿ ಗುತ್ತಿಗೆಯಲ್ಲಿ ಸಾಮಾನು ತರುವ ಶ್ರಮ ನಿಮ್ಮದು. ಸಾಮಾನು ಸಹಿತ ಗುತ್ತಿಗೆಯಲ್ಲಿ ಸಾಮಾನು ತಗ್ಗುವ ಭಯವುಂಟು. ಎಲ್ಲರಿಗಿಂತ ಬಹಳ ಕಡಿಮೆ ಹೇಳಿದವನ ಉಳಿತಾಯವು ಎಲ್ಲಿಂದ ಬರುವುದೆಂದು ಯೋಚಿಸಿರಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಹಾಕಬೇಕಾದಲ್ಲಿ ಎಂಟು ಪಾಲು ಹಾಕಿದರೆ, ಅದು ಕೆಲವು ತಿಂಗಳು ಕಣ್ಣಿಗೆ ಬೀಳದು.

ನಾಲ್ಕನೆಯದು ಬರವಣಿಗೆ. 1872ರ ಕರಾರು ಕಾಯಿದೆಯು ಬಾಯಿಮಾತಿನ ಒಪ್ಪಂದವನ್ನೂ ಮನ್ನಿಸುವುದು ನಿಜ. ಆದರೆ ಜಗಳ ಬಂದಾಗ ಮಾತಿಗೆ ಸಾಕ್ಷಿ ಎಲ್ಲಿ? ಕೆಲಸ, ಸಾಮಾನಿನ ದರ್ಜೆ, ಅವಧಿ, ಹಣದ ಕಂತು, ಇವುಗಳನ್ನು ಒಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿರಿ. ಮುಂಗಡ ಅಲ್ಪವಾಗಿರಲಿ, ಮಿಕ್ಕುದನ್ನು ಕೆಲಸ ನಡೆದಂತೆ ಕೊಡುತ್ತ, ಹತ್ತನೆಯ ಒಂದು ಪಾಲನ್ನಾದರೂ ಕಡೆಗೆ ಉಳಿಸಿಕೊಳ್ಳಿರಿ. ಗಟ್ಟಿಮುಟ್ಟಾದ ಕಾಂಕ್ರೀಟು ತಾರಸಿಯಾದರೆ, ಒಂದೆರಡು ಅಂಗುಲ ನೀರನ್ನು 24 ಗಂಟೆಗಳಾದರೂ ಕಟ್ಟಿ ನಿಲ್ಲಿಸಿ, ಕೆಳಗೆ ಒಸರದಿದ್ದರೆ ಆಮೇಲೆ ಕಡೆಯ ಕಂತು ಕೊಡಿರಿ. ಈ ನಿಯಮವೂ ಕಾಗದದಲ್ಲಿಯೇ ಇರತಕ್ಕದ್ದು.

ಕೆಲಸ ನಡೆಯುವಾಗ ಮನೆಯವರ ಕಣ್ಣು ಇರಬೇಕು. ಮೂರು ತಿಂಗಳಿಗಿಂತ ಹಳೆಯ ಸಿಮೆಂಟನ್ನು ಪರೀಕ್ಷಿಸದೆ ಬಳಸಬಾರದು. ನೀರು ಬೆರೆಸಿದ ಸಿಮೆಂಟು ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸುವುದು ಉತ್ತಮ. ಹೊಸ ಗಾರೆಗೆ 7 ದಿನಗಳಾದರೂ ನೀರುಣಿಸಬೇಕು. ಇದನ್ನು ಗೃಹಿಣಿಯರೇ ನೋಡಿಕೊಂಡರೆ ಅರ್ಧ ಕೆಲಸ ಗೆದ್ದಂತೆ.

ಇಷ್ಟಾದರೂ ವಂಚನೆ ನಡೆದರೆ ಕೈಕಟ್ಟಿ ಕೂಡಬೇಕಾಗಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ, ಲೋಪ ಉಂಟಾದ 2 ವರುಷಗಳೊಳಗಾಗಿ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಸಹಿ ಮಾಡಿದ ಕಾಗದವೂ ರಸೀದಿಗಳೂ ಆಗ ನಿಮ್ಮ ಬಲ.

ನಂಬಿಕೆಯೆಂಬುದು ಒಬ್ಬರ ಕಡೆಯಿಂದಲೇ ಆಗುವಂಥದಲ್ಲ. ದಿನಕ್ಕೊಂದು ಹೊಸ ಆಸೆಯನ್ನು ಹೇಳಿ, ಹಳೆಯ ಬೆಲೆಯಲ್ಲಿಯೇ ಮುಗಿಸೆನ್ನುವ ಯಜಮಾನನು ಒಳ್ಳೆಯ ಮೇಸ್ತ್ರಿಯನ್ನೂ ಕೆಡಿಸುವನು. ಬದಲಾವಣೆ ಬೇಕಾದರೆ ಅದಕ್ಕೂ ಬೆಲೆ ಬರೆಯಿರಿ. ಬಿಸಿಲಿನಲ್ಲಿ ದುಡಿದವರ ಕೂಲಿಯನ್ನು ಹೇಳಿದ ದಿನವೇ ಸಲ್ಲಿಸಿರಿ. ಹೀಗೆ ನಡೆದುಕೊಂಡ ಮನೆಗೆ ಮುಂದೊಮ್ಮೆ ಮಳೆಯ ನಡುರಾತ್ರಿ ಸೋರಿದರೂ ಮೇಸ್ತ್ರಿಯು ಬೆಳಗಾಗುತ್ತಲೇ ಬಂದು ಬಾಗಿಲಲ್ಲಿ ನಿಲ್ಲುವನು.